ಉಳಿದ ಜಾಗದ ಹಾಡುಗಳು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ತೊಂಬತ್ತರ ದಶಕದ ಹಾಡುಗಳ ಮೇಲೆ ಬಂದ ಲೇಖನವನ್ನು ಎರಡು ಸಲ ಓದಿದೆ. ದೊಡ್ಡ ಗಾಯಕರ ಬಗ್ಗೆ ಬರೆದದ್ದೆಲ್ಲ ಚೆನ್ನಾಗಿತ್ತು. ಆದರೆ ಕೊನೆಯಲ್ಲಿ ‘ಒಂದೇ ಹಾಡಿಗೆ ಬಂದು ಹೋದವರು’ ಅಂತ ಉಳಿದವರನ್ನೆಲ್ಲ ಒಂದೇ ಗಂಟು ಕಟ್ಟಿ ಎರಡು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಆ ಎರಡು ಸಾಲು ನನಗೆ ನೋವಾಯಿತು. ಅವರ ಪರವಾಗಿ ಮಾತಾಡೋರು ಯಾರಾದರೂ ಬೇಕಲ್ವಾ? ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು 1991ರಿಂದ ಹನ್ನೆರಡು ವರ್ಷ ಹಳೆ ಬಾಗಲಕೋಟೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದೆ. ಹೊಳೆ ಕಡೆಗೆ ಇಳಿಯುವ ಓಣಿ. ಆರು ಅಡಿ ಅಗಲದ ಜಾಗ. ಗೋಡೆ ತುಂಬ ಕ್ಯಾಸೆಟ್ಟು, ಎರಡು ಕ್ಯಾಸೆಟ್ ಹಾಕುವ ಒಂದು ಡಬಲ್ ಡೆಕ್, ಎರಡು ಸ್ಪೀಕರ್, ಗಿರಾಕಿ ಕೂರಲು ಒಂದು ಸ್ಟೂಲು. ಕಂಪನಿ ಕ್ಯಾಸೆಟ್ ಮಾರುತ್ತಿದ್ದೆ. ಅದಕ್ಕಿಂತ ಜಾಸ್ತಿ, ಗಿರಾಕಿ ಕೇಳಿದ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುತ್ತಿದ್ದೆ. ಇದು ಕಾನೂನಿಗೆ ಸರಿಯಾದ ಕೆಲಸ ಆಗಿರಲಿಲ್ಲ, ಒಪ್ಪುತ್ತೇನೆ. ಊರೂರಲ್ಲಿ ಎಲ್ಲರೂ ಮಾಡುತ್ತಿದ್ದರು ಅನ್ನೋದು ನೆಪ ಆಗೋದಿಲ್ಲ. ನಾನು ತುಂಬಿಕೊಟ್ಟ ಹಾಡಿನಿಂದ ಹಾಡಿದವರಿಗೆ ಒಂದು ಪೈಸೆಯೂ ಮುಟ್ಟಲಿಲ್ಲ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಅವರ ಋಣ ನನ್ನ ಮೇಲೆ ಇದೆ.

ತುಂಬಿಸೋ ಲೆಕ್ಕ ಹೀಗಿತ್ತು. ಅರವತ್ತು ನಿಮಿಷದ ಕ್ಯಾಸೆಟ್ ಅಂದರೆ ಒಂದು ಕಡೆಗೆ ಮೂವತ್ತು ನಿಮಿಷ. ಟೇಪು ಒಂದು ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ ಓಡುತ್ತದೆ. ಮೂವತ್ತು ನಿಮಿಷಕ್ಕೆ ಸುಮಾರು 86 ಮೀಟರ್ ಟೇಪು ಬೇಕು. ಸಿನಿಮಾ ಹಾಡು ನಾಲ್ಕೈದು ನಿಮಿಷದ್ದು. ಆರು ಹಾಡು ಹಾಕಿದರೆ ಕೊನೆಗೆ ಎರಡು ಮೂರು ನಿಮಿಷ ಖಾಲಿ ಉಳಿಯುತ್ತಿತ್ತು. ಗಿರಾಕಿಗಳು ಹಾಡಿನ ಚೀಟಿ ಕೊಟ್ಟು, ‘ಉಳದ ಜಾಗಕ್ಕ ನೀವ ಒಂದ ಛಲೋ ಹಾಡ ಹಾಕ್ರಿ ಅಣ್ಣಾರ’ ಅಂತ ಹೇಳಿ ಹೋಗುತ್ತಿದ್ದರು. ಆ ಉಳಿದ ಜಾಗ ನನ್ನದು. ಅಲ್ಲಿ ನಾನು ಯಾರೂ ಕೇಳದ ಹಾಡು ಹಾಕುತ್ತಿದ್ದೆ. ಹೆಸರಿಲ್ಲದವರದು, ಆಗಷ್ಟೇ ಬಂದವರದು. ಒಂದು ವಾರ ಬಿಟ್ಟು ಅದೇ ಗಿರಾಕಿ ವಾಪಸ್ ಬರುತ್ತಿದ್ದ. ತಾನು ಬರೆದುಕೊಟ್ಟ ಹಾಡಿನ ಸುದ್ದಿಯೇ ಇಲ್ಲ. ‘ಆ ಕಡೀ ಹಾಡು ಯಾರದ್ರೀ? ಅಂಥಾವ ಇನ್ನೊಂದ ಅದಾವೇನು?’

ಇನ್ನೊಂದು ಇರುತ್ತಿರಲಿಲ್ಲ.

ನನ್ನ ಹತ್ತಿರ ಈಗಲೂ ಆ ಕಾಲದ ಎರಡು ನೋಟ್‌ಬುಕ್ ಇವೆ. ಗಿರಾಕಿ ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತಿದ್ದೆ. ಹಾಡಿನ ಹೆಸರು, ಹಾಡಿದವರ ಹೆಸರು ಎಷ್ಟೋ ಜನಕ್ಕೆ ಗೊತ್ತಿರುತ್ತಿರಲಿಲ್ಲ. ಆದರೂ ಅವರು ಹೇಳಿದ ಗುರುತು ತಪ್ಪುತ್ತಿರಲಿಲ್ಲ. ‘ತಣ್ಣೀರಿನ ಹಾಡು.’ ‘ಪೆಟ್ಟಿಗ್ಯಾಗಿಂದ ಹುಡುಗ ಎದ್ದು ಬರೋ ಹಾಡು.’ ‘ಕೈ ಮುಂದ ಮಾಡಿ, ತಲೀಗೆ ಹಚ್ಚಿ, ಜಿಗದು ತಿರುಗೋ ಹಾಡು.’ ಮೂರೂ ನನಗೆ ಕೇಳಿದ ತಕ್ಷಣ ಗೊತ್ತಾಗುತ್ತಿದ್ದವು.

ತಣ್ಣೀರಿನ ಹಾಡು ಅಂದರೆ 1992ರ ‘ಠಂಡಾ ಠಂಡಾ ಪಾನಿ’. ಬಾಬಾ ಸೆಹಗಲ್ ದೂರದರ್ಶನದಲ್ಲಿ ‘ಸೂಪರ್‌ಹಿಟ್ ಮುಕಾಬಲಾ’ ಅನ್ನೋ ಹಾಡಿನ ಕಾರ್ಯಕ್ರಮ ನಡೆಸಿಕೊಡುತ್ತಿದ್ದರು, ಹಾಗಾಗಿ ಮುಖ ಎಲ್ಲರಿಗೂ ಪರಿಚಯ. ನಮ್ಮ ಊರಲ್ಲಿ ರ್‍ಯಾಪ್ ಅನ್ನೋ ಪದ ಯಾರಿಗೂ ಗೊತ್ತಿರಲಿಲ್ಲ. ಲಾವಣಿ ಥರ ಜೋರಾಗಿ ಮಾತಾಡುತ್ತಾ ಹಾಡೋದು ಅಂತ ತಿಳಿದುಕೊಂಡಿದ್ದೆವು. ಆ ಹಾಡಿನ ಹಿಂದೆ ಅಮೆರಿಕದ ವೆನಿಲಾ ಐಸ್ ಅವರ 1990ರ ‘ಐಸ್ ಐಸ್ ಬೇಬಿ’ ಇತ್ತು. ಅದರ ಹಿಂದೆ ಇಂಗ್ಲೆಂಡಿನ ಕ್ವೀನ್ ತಂಡ ಮತ್ತು ಡೇವಿಡ್ ಬೋವಿ ಸೇರಿ ಹಾಡಿದ 1981ರ ಹಾಡಿನ ಬೇಸ್ ಗಿಟಾರ್ ಇತ್ತು. ಎಲ್ಲಿಯ ಲಂಡನ್, ಎಲ್ಲಿಯ ಬಾಗಲಕೋಟೆ. ಒಂದು ಗಿಟಾರ್ ತಂತಿಯ ದನಿ ಮೂರು ದೇಶ ದಾಟಿ ನಮ್ಮ ಚಹಾದಂಗಡಿಗೆ ಬಂದಿತ್ತು.

‘ಐಸ್ ಐಸ್ ಬೇಬಿ’ ಮೊದಲು ಬಂದದ್ದು ಬೇರೊಂದು ಹಾಡಿನ ರೆಕಾರ್ಡಿನ ಬಿ ಸೈಡಿನಲ್ಲಿ. ಒಬ್ಬ ಡಿಜೆ ರೆಕಾರ್ಡನ್ನು ತಿರುವಿ ಹಾಕಿದ. ಆಮೇಲೆ ಅದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಹೋದ ಮೊದಲ ಹಿಪ್‌ಹಾಪ್ ಹಾಡಾಯಿತು. ಅಷ್ಟು ದೊಡ್ಡ ಹಾಡು ಆ ಹುಡುಗನಿಗೆ ಮತ್ತೆ ಬರಲಿಲ್ಲ. ಬಿ ಸೈಡಿನ ಹಾಡು ಅಂದರೆ ಏನು? ಉಳಿದ ಜಾಗ ತುಂಬಿಸಲು ಹಾಕಿದ ಹಾಡು. ನಾನು ಓಣಿಯಲ್ಲಿ ಕೂತು ಮಾಡುತ್ತಿದ್ದ ಕೆಲಸವನ್ನೇ ದೊಡ್ಡ ಕಂಪನಿಗಳೂ ಮಾಡುತ್ತಿದ್ದವು.

ಪೆಟ್ಟಿಗೆ ಹಾಡು ಅಂದರೆ ಅಲೀಷಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’, 1995ರದ್ದು. ಪೆಟ್ಟಿಗೆಯಿಂದ ಎದ್ದು ಬರುತ್ತಿದ್ದವರು ಮಿಲಿಂದ್ ಸೋಮನ್. ಅಲೀಷಾ ಅವರನ್ನು ಒಂದೇ ಹಾಡಿನವರು ಅನ್ನಲಾಗದು, ಸಿನಿಮಾದಲ್ಲಿ ಬೇಕಾದಷ್ಟು ಹಾಡಿದ್ದಾರೆ. ನಾನು ಹೇಳಬೇಕಾದ್ದು ಆ ಹಾಡಿನ ಸಂಗೀತ ಮಾಡಿದವರ ವಿಷಯ. ಬಿಡ್ಡು ನಮ್ಮವರು. ಕೊಡಗಿನ ಮನೆತನ, ಹುಟ್ಟಿದ್ದು ಬೆಂಗಳೂರಿನಲ್ಲಿ. ಇಂಗ್ಲೆಂಡಿಗೆ ಹೋಗಿ 1974ರಲ್ಲಿ ಕಾರ್ಲ್ ಡಗ್ಲಸ್ ಎಂಬ ಗಾಯಕನಿಂದ ‘ಕುಂಗ್ ಫು ಫೈಟಿಂಗ್’ ಹಾಡಿಸಿದರು. ಅದೂ ಬಿ ಸೈಡಿಗೆ ಅಂತಲೇ ಮಾಡಿದ್ದು! ಇಂಗ್ಲೆಂಡ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೆ ಹೋಯಿತು. ಕಾರ್ಲ್ ಡಗ್ಲಸ್ ಅಂದರೆ ಇವತ್ತಿಗೂ ಜಗತ್ತಿಗೆ ಆ ಒಂದೇ ಹಾಡು. ನಾಜಿಯಾ ಹಸನ್ ಅವರ ‘ಆಪ್ ಜೈಸಾ ಕೋಯಿ’ ಕೂಡ ಬಿಡ್ಡು ಅವರದೇ, 1980ರಲ್ಲಿ. ಒಬ್ಬ ಕನ್ನಡ ನೆಲದ ಮನುಷ್ಯ ಮೂರು ದಶಕದಲ್ಲಿ ಮೂವರಿಂದ ಮೂರು ಅಂಥ ಹಾಡು ಹಾಡಿಸಿದ್ದಾರೆ. ನಿಮ್ಮ ಲೇಖನದಲ್ಲಿ ಅವರ ಹೆಸರೇ ಇಲ್ಲ. ದಯವಿಟ್ಟು ಒಂದು ಪುಟ ಕೊಡಿ.

ಇನ್ನು ಜಿಗಿದು ತಿರುಗೋ ಹಾಡು, ‘ಮಕರೇನಾ’. 1996ರ ಕೊನೆಗೂ 97ರ ಶುರುವಿಗೂ ನಮ್ಮ ಕಡೆ ಕಾಲೇಜುಗಳ ಗ್ಯಾದರಿಂಗ್ ಸೀಸನ್ನು. ಒಂದು ಕಾಲೇಜಿನ ಹುಡುಗಿಯರು ಎಂಟು ಜನ ಬಂದರು. ಹಾಡು ಬೇಕು, ಜೊತೆಗೆ ಕುಣಿಯೋದು ಹೇಗೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ಅಂಗಡಿಯಲ್ಲಿ ಜಾಗ ಇಲ್ಲ. ಓಣಿಯಲ್ಲೇ ಸಾಲಾಗಿ ನಿಂತರು. ನಾನು ಸ್ಪೀಕರನ್ನು ಹೊರಗೆ ಇಟ್ಟೆ. ಇಲಕಲ್ ಸೀರೆ ಉಟ್ಟು ನೀರು ತರುತ್ತಿದ್ದ ಒಬ್ಬ ಅಜ್ಜಿ ಕೊಡ ಇಳಿಸಿ ನಿಂತು ನೋಡಿದರು. ಪಲ್ಲವಿ ಮೂರನೇ ಸಲ ಬರುವ ಹೊತ್ತಿಗೆ ಅಜ್ಜಿಯ ಬಲಗೈ ತಾನಾಗಿಯೇ ಮುಂದೆ ಬಂದಿತ್ತು, ಅಂಗೈ ಕೆಳಗೆ ಮಾಡಿ. ಆಮೇಲೆ ಎಡಗೈ. ಒಂದು ಅಕ್ಷರ ಅರ್ಥ ಆಗದ ಸ್ಪ್ಯಾನಿಷ್ ಹಾಡಿಗೆ ಅವರ ಕೈ ಹಾಗೆ ಮುಂದೆ ಬಂದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ಹಾಡು ಹಾಡಿದವರು ಲಾಸ್ ಡೆಲ್ ರಿಯೊ ಅನ್ನೋ ಜೋಡಿ. ಸ್ಪೇನಿನ ಸೆವಿಲ್ ಹತ್ತಿರದ ದೋಸ್ ಎರ್ಮಾನಾಸ್ ಊರಿನವರು. ವೆನಿಜುವೆಲಾದ ಕರಾಕಸ್‌ನಲ್ಲಿ ಒಬ್ಬಳು ಫ್ಲಮೆಂಕೊ ನೃತ್ಯಗಾರ್ತಿಯನ್ನು ನೋಡಿ ಹುಟ್ಟಿದ ಹಾಡು. 1993ರಲ್ಲಿ ಮೊದಲು ಹೊರಬಂತು. ಆಮೇಲೆ ಅಮೆರಿಕದ ಮಯಾಮಿಯಲ್ಲಿ ಬೇಸೈಡ್ ಬಾಯ್ಸ್ ಅದನ್ನು ರೀಮಿಕ್ಸ್ ಮಾಡಿದರು. 1996ರಲ್ಲಿ ಹದಿನಾಲ್ಕು ವಾರ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿ ಕೂತಿತು. ಆಗ ಆ ಇಬ್ಬರ ವಯಸ್ಸು ಐವತ್ತರ ಹತ್ತಿರ. ಅವರು ಜೊತೆಯಾಗಿ ಹಾಡೋಕೆ ಶುರು ಮಾಡಿದ್ದು ಅರವತ್ತರ ದಶಕದಲ್ಲಿ! ಮೂವತ್ತು ವರ್ಷ ತಮ್ಮ ಊರಿನ ಸುತ್ತಮುತ್ತ, ತಮ್ಮ ದೇಶದಲ್ಲಿ ಹಾಡಿಕೊಂಡೇ ಬಂದವರು. ಇವರನ್ನು ಒನ್ ಹಿಟ್ ವಂಡರ್, ಒಂದೇ ಹಾಡಿನವರು ಅಂತ ಕರೆಯುತ್ತಾರೆ. ನಾವು ಕೇಳಿದ್ದು ಒಂದು ಹಾಡು. ಅವರು ಹಾಡಿದ್ದು ಒಂದೇನಾ?

ಇಂಥದೇ ಮತ್ತೊಂದು. ಇಲ್ಲಿಯ ಎಂಜಿನಿಯರಿಂಗ್ ಕಾಲೇಜಿಗೆ ಉತ್ತರ ಭಾರತದಿಂದ ಬಂದ ಹುಡುಗರು ಇರುತ್ತಿದ್ದರು. ಅವರಲ್ಲೊಬ್ಬ ‘4 ನಾನ್ ಬ್ಲಾಂಡ್ಸ್’ ತಂಡದ ಕ್ಯಾಸೆಟ್ ತಂದುಕೊಟ್ಟಿದ್ದ. ‘ವಾಟ್ಸ್ ಅಪ್’ ಅಂತ ಹಾಡು, 1993ರಲ್ಲಿ ಲೋಕ ಪ್ರಸಿದ್ಧ ಆಯಿತು. ಆ ಹೆಣ್ಣುಮಗಳು ಗಂಟಲು ಹರಿದು ಹಾಡೋದನ್ನು ಕೇಳಿದರೆ ನಮ್ಮ ಚೌಡಕಿ ಪದ ಹಾಡೋರ ನೆನಪಾಗುತ್ತಿತ್ತು. ತಂಡ ಒಂದೇ ಆಲ್ಬಮ್ ಮಾಡಿ ಒಡೆದುಹೋಯಿತು. ಆದರೆ ಹಾಡಿದ ಲಿಂಡಾ ಪೆರಿ ಸುಮ್ನೆ ಕೂರಲಿಲ್ಲ. ಬೇರೆಯವರಿಗೆ ಹಾಡು ಬರೆದುಕೊಟ್ಟರು. 2001ರಲ್ಲಿ ಪಿಂಕ್ ಎಂಬ ಗಾಯಕಿಗೆ, 2002ರಲ್ಲಿ ಕ್ರಿಸ್ಟಿನಾ ಅಗಿಲೇರಾಗೆ. ಎರಡೂ ದೊಡ್ಡ ಹಾಡಾದವು. ದನಿ ಒಂದೇ ಹಾಡಿನಲ್ಲಿ ಕೇಳಿತು, ಕೈ ಮಾತ್ರ ಕೆಲಸ ಬಿಡಲಿಲ್ಲ.

1999ರ ‘ಮ್ಯಾಂಬೊ ನಂಬರ್ 5’ ಕೂಡ ನನ್ನ ನೋಟ್‌ಬುಕ್ಕಿನಲ್ಲಿ ತುಂಬ ಸಲ ಇದೆ. ಲೂ ಬೇಗಾ ಹಾಡಿದ್ದು. ಮೂಲ ಕ್ಯೂಬಾದ ಪೆರೆಜ್ ಪ್ರಾಡೊ 1949ರಲ್ಲಿ ಮಾಡಿದ ವಾದ್ಯಸಂಗೀತ. ಮದುವೆ ಬ್ಯಾಂಡಿನವರು ಕೇಳಿ ಕೇಳಿ ಕಲಿತು ವರ್ಷಗಟ್ಟಲೆ ಬಾರಿಸಿದರು.

ಒಂದು ಹಾಡಿನ ವಿಷಯ ಬೇರೆಯಾಗಿಯೇ ಹೇಳಬೇಕು. 1998ರಲ್ಲಿ ಸಿಲ್ಕ್ ರೂಟ್ ತಂಡದ ‘ಡೂಬಾ ಡೂಬಾ’ ಬಂತು. ಹಾಡಿದ ಮೋಹಿತ್ ಚೌಹಾಣ್ ಆಮೇಲೆ ಸಿನಿಮಾದಲ್ಲಿ ದೊಡ್ಡ ಹೆಸರು ಮಾಡಿದರು. ಆದರೆ ಆ ತಂಡ ಅಂದರೆ ಜನಕ್ಕೆ ಆ ಒಂದೇ ಹಾಡು. ಮೆಲ್ಲನೆಯ ಗಿಟಾರು, ಮೆಲ್ಲನೆಯ ದನಿ. ಡೂಬಾ ಅಂದರೆ ಮುಳುಗಿದ ಅಂತ. ಆಗ ನಮ್ಮ ಊರಲ್ಲಿ ಯಾರ ಬಾಯಲ್ಲಿ ನೋಡಿದರೂ ಮುಳುಗಡೆ ಮಾತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಎಲ್ಲಿಯವರೆಗೆ ಬರುತ್ತದೆ, ಯಾರ ಮನೆ ಹೋಗುತ್ತದೆ, ಮನೆ ಹೋದವರಿಗೆ ಕಟ್ಟಿದ ನವನಗರದಲ್ಲಿ ಯಾವ ಸೆಕ್ಟರು. ನನ್ನ ಅಂಗಡಿಯ ಗೋಡೆಗೂ ಗುರುತು ಹಾಕಿ ಹೋಗಿದ್ದರು. ಹಿಂದಿ ಬರುವ ಒಬ್ಬ ಮೇಷ್ಟ್ರು ಈ ಹಾಡನ್ನು ಅಂಗಡಿಯಲ್ಲಿ ಕೇಳಿ, ಅರ್ಧಕ್ಕೆ ‘ಬಂದ್ ಮಾಡ್ರಿ’ ಅಂದರು. ಅವರ ಮನೆಗೂ ಗುರುತು ಬಿದ್ದಿತ್ತು. ನಾಲ್ಕು ದಿನ ಬಿಟ್ಟು ತಾವೇ ಬಂದು ಆ ಹಾಡು ತುಂಬಿಸಿಕೊಂಡು ಹೋದರು. ಪ್ರೀತಿಯಲ್ಲಿ ಮುಳುಗಿದವನ ಹಾಡು ಅದು. ನಮ್ಮ ಓಣಿಯಲ್ಲಿ ಅದಕ್ಕೆ ಬೇರೆ ಅರ್ಥ ಬಂದಿತ್ತು. ಹಾಡಿದವರಿಗೆ ಇದು ಯಾವತ್ತೂ ಗೊತ್ತಾಗಲಿಲ್ಲ.

ಇವರೆಲ್ಲ ಹೇಗೆ ಮರೆತುಹೋದರು ಅಂದರೆ, ನಾನು ನೋಡಿದ ಹಾಗೆ ಹಾಡಿನ ತಪ್ಪು ಏನೂ ಇರಲಿಲ್ಲ. ಸಿನಿಮಾ ಹಾಡಿಗೆ ಸಿನಿಮಾ ಆಸರೆ. ಟಿವಿಯಲ್ಲಿ ಸಿನಿಮಾ ಬಂದಾಗೆಲ್ಲ ಹಾಡೂ ಬರುತ್ತದೆ. ಈ ಬಿಡಿ ಹಾಡುಗಳಿಗೆ ಚಾನೆಲ್‌ನಲ್ಲಿ ವಿಡಿಯೊ ಓಡುವವರೆಗೆ ಮಾತ್ರ ಜೀವ. ವಿಡಿಯೊ ನಿಂತರೆ ಕ್ಯಾಸೆಟ್ ಕೇಳೋರಿಲ್ಲ, ಕ್ಯಾಸೆಟ್ ಹೋಗದಿದ್ದರೆ ಕಂಪನಿ ಎರಡನೆಯ ಆಲ್ಬಮ್ಮಿಗೆ ದುಡ್ಡು ಹಾಕೋದಿಲ್ಲ. ಆಮೇಲೆ ಎಂಪಿ3 ಸಿಡಿ ಬಂತು. ಒಂದು ಸಿಡಿಯಲ್ಲಿ ನೂರಕ್ಕೂ ಜಾಸ್ತಿ ಹಾಡು. ಉಳಿದ ಜಾಗ ಅನ್ನೋದೇ ಇಲ್ಲದ ಹಾಗಾಯಿತು. ಜನ ಮೊದಲ ಐದು ಹಾಡು ಕೇಳಿ ಮುಂದೆ ಒತ್ತುತ್ತಿದ್ದರು. 2003ರಲ್ಲಿ ನಾನು ಅಂಗಡಿ ಮುಚ್ಚಿ ನವನಗರಕ್ಕೆ ಬಂದೆ. ಈಗ ಮಿಕ್ಸರ್, ಫ್ಯಾನ್ ರಿಪೇರಿ ಮಾಡುತ್ತೇನೆ.

ಅಲೀಷಾ, ಬಾಬಾ ಸೆಹಗಲ್ ಇವರ ಹೆಸರಾದರೂ ಎಲ್ಲೋ ಒಂದು ಕಡೆ ಸಿಗುತ್ತದೆ. ಸ್ಪೇನಿನ ಆ ಇಬ್ಬರ ಊರು ಯಾವುದು ಅನ್ನೋದೂ ಸಿಗುತ್ತದೆ. ನನಗೆ ಜಾಸ್ತಿ ಸಂಕಟ ಇರೋದು ನಮ್ಮ ಕಡೆಯವರ ಬಗ್ಗೆ.

ಆ ದಶಕದಲ್ಲಿ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಜಾನಪದ ಕ್ಯಾಸೆಟ್ಟುಗಳ ಸುಗ್ಗಿ. ಡೊಳ್ಳಿನ ಪದ, ಗೀಗಿ ಪದ, ರಿವಾಯತ, ಪಾರಿಜಾತ, ಎಲ್ಲ ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಬಳೆ ಅಂಗಡಿಗೂ ಮಿಠಾಯಿ ಅಂಗಡಿಗೂ ನಡುವೆ ಕ್ಯಾಸೆಟ್ ರಾಶಿ ಹಾಕಿ ಮಾರುತ್ತಿದ್ದರು. ಹೊದಿಕೆ ಮೇಲೆ ಮುಖ್ಯ ಗಾಯಕರ ಹೆಸರು ದೊಡ್ಡದಾಗಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮತ್ತು ಸಂಗಡಿಗರು’. ಆ ಸಂಗಡಿಗರಲ್ಲಿ ಯಾರು ಯಾರಿದ್ದರು?

1997ರ ಬನದ ಹುಣ್ಣಿಮೆ ಜಾತ್ರೆ ಮುಗಿದ ವಾರ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಒಬ್ಬ ಗಿರಾಕಿ ಅಂಥ ಒಂದು ಕ್ಯಾಸೆಟ್ ತಂದ. ಎಲ್ಲ ಹಾಡೂ ಒಬ್ಬ ಗಂಡಸಿನದು. ಬಿ ಸೈಡಿನ ಕೊನೆಯ ಹಾಡು ಮಾತ್ರ ಒಬ್ಬ ಹೆಣ್ಣುಮಗಳದು. ಬೀಸುವ ಪದದ ಧಾಟಿ. ಹಿಂದೆ ಕ್ಯಾಸಿಯೊ ಕೀಬೋರ್ಡು, ಒಂದು ಹಲಗೆ, ಅಷ್ಟೇ. ಪಂಚಮಿಗೆ ಕರೆಯೋಕೆ ಅಣ್ಣ ಬರುತ್ತಾನೆ ಅಂತ ಕಾಯುತ್ತಾ ರಾತ್ರಿ ಜೋಳ ಬೀಸುವವಳ ಹಾಡು. ಉಸಿರು ತೆಗೆದುಕೊಳ್ಳೋದು ಕೇಳುತ್ತದೆ. ಒಂದು ಕಡೆ ಬಳೆ ಮೈಕಿಗೆ ತಾಗಿದ ಸದ್ದೂ ಇದೆ. ಸ್ಟುಡಿಯೊದವರು ಮತ್ತೊಮ್ಮೆ ಹಾಡಿಸದೆ ಹಾಗೇ ಬಿಟ್ಟಿದ್ದಾರೆ. ಆ ಸದ್ದು ಕೇಳಿದಾಗೆಲ್ಲ ಅವರು ಎದುರಿಗೇ ಕೂತಿದ್ದಾರೆ ಅನ್ನಿಸುತ್ತದೆ.

ಗಿರಾಕಿಯಿಂದ ಅರ್ಧ ಗಂಟೆಗೆ ಕ್ಯಾಸೆಟ್ ಇಸಿದುಕೊಂಡು ಆ ಹಾಡನ್ನು ನನ್ನ ಒಂದು ಕ್ಯಾಸೆಟ್ಟಿನ ಉಳಿದ ಜಾಗಕ್ಕೆ ಹಾಕಿಕೊಂಡೆ. ಆ ವರ್ಷ ಹೋಳಿಯವರೆಗೂ ಅದೇ ಹಾಡು. ಹೋಳಿಗೆ ನಮ್ಮ ಊರಲ್ಲಿ ಪೇಟೆ ಪೇಟೆಗೂ ಹಲಗೆ, ಬಣ್ಣದ ಬಂಡಿ. ಆ ಗದ್ದಲದಲ್ಲೂ ಹುಡುಗರು ಈ ಪದಕ್ಕೆ ಹಲಗೆ ಕೂಡಿಸಿದ್ದರು. ಹಳ್ಳಿಗಳಿಂದ ಜನ ತಮ್ಮ ತಮ್ಮ ಕ್ಯಾಸೆಟ್ ತಂದು ‘ಇದರಾಗಿಂದು ಆ ಅಕ್ಕನ ಹಾಡು ಅಷ್ಟ ತುಂಬಿಕೊಡ್ರಿ’ ಅನ್ನುತ್ತಿದ್ದರು. ಅವರ ಕ್ಯಾಸೆಟ್ಟಿನಿಂದಲೇ ತುಂಬಿ ಅವರ ಕೈಗೇ ವಾಪಸ್ ಕೊಡುತ್ತಿದ್ದೆ. ಮುಂದಿನ ವರ್ಷ ಬೇರೆ ಹಾಡು ಬಂತು. ಆ ಅಕ್ಕನ ಎರಡನೆಯ ಹಾಡು ಬರಲಿಲ್ಲ. ಮಾಲು ಕೊಡುತ್ತಿದ್ದ ವ್ಯಾಪಾರಿಯನ್ನು ಕೇಳಿದೆ. ಹಾಡಿದವರು ಯಾರೋ ಗೊತ್ತಿಲ್ಲ, ಆ ಕ್ಯಾಸೆಟ್ ಮತ್ತೆ ಬರೋದಿಲ್ಲ ಅಂದ.

ಅಂಗಡಿ ಖಾಲಿ ಮಾಡಿದಾಗ ಕ್ಯಾಸೆಟ್ಟುಗಳನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟೆ. ಒಂದು ಮಳೆಗಾಲ ಸೋರಿತು. ನನಗೆ ಗೊತ್ತಾದದ್ದು ತಡವಾಗಿ. ಟೇಪಿನ ಸುರುಳಿ ಮೇಲೆ ಬಿಳಿ ಪುಡಿ ಥರ ಬೂಷ್ಟು. ಅವಸರಕ್ಕೆ ಒಂದನ್ನು ಹಾಗೇ ಡೆಕ್ಕಿಗೆ ಹಾಕಿ ಹಾಳು ಮಾಡಿದೆ. ಟೇಪು ಅಂಟಿಕೊಂಡು ಹರಿಯಿತು. ಆ ಅಕ್ಕನ ಹಾಡಿದ್ದ ಕ್ಯಾಸೆಟ್ಟನ್ನು ಹಾಗೆ ಮಾಡಲಿಲ್ಲ. ಐದು ಸ್ಕ್ರೂ ಬಿಚ್ಚಿ, ಸುರುಳಿ ಎರಡನ್ನೂ ಹೊರಗೆ ತೆಗೆದು, ನೆರಳಲ್ಲಿ ಹತ್ತು ದಿನ ಒಣಗಿಸಿದೆ. ಪೆನ್ಸಿಲ್‌ನಿಂದ ಒಂದೊಂದೇ ಸುತ್ತು ತಿರುಗಿಸುತ್ತಾ, ಒಣ ಮೆತ್ತನೆ ಬಟ್ಟೆಯಿಂದ ಇಡೀ ಟೇಪು ಒರೆಸಿದೆ. ಬೂಷ್ಟು ಮೂಗಿಗೆ ಹೋಗದ ಹಾಗೆ ಬಾಯಿಗೆ ಟವೆಲ್ ಕಟ್ಟಿಕೊಂಡಿದ್ದೆ. ಮೂರು ಸಂಜೆ ಬೇಕಾಯಿತು. ಆಮೇಲೆ ಬೇರೆ ಹೊಸ ಡಬ್ಬಿಗೆ ಸುರುಳಿ ಕೂರಿಸಿದೆ. ಹಳೆಯದರ ಒತ್ತುವ ಪ್ಯಾಡು ಕೊಳೆತಿತ್ತು. ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಪ್ಲೇ ಒತ್ತಿದೆ.

ದನಿ ಬಂತು. ಬಳೆ ಸದ್ದೂ ಬಂತು. ನನ್ನ ಹೆಂಡತಿ ಅಡುಗೆಮನೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು.

ಆದರೆ ಹಾಡು ಪೂರ್ತಿ ಇಲ್ಲ. ಅವತ್ತು ಉಳಿದ ಜಾಗ ಮೂರು ನಿಮಿಷ ಇತ್ತು, ಹಾಡು ಅದಕ್ಕಿಂತ ಉದ್ದ ಇತ್ತು. ದೂರದಲ್ಲಿ ಎತ್ತಿನ ಗೆಜ್ಜೆ ಸದ್ದು ಕೇಳಿತು ಅಂತ ಅವಳು ಬೀಸೋದು ನಿಲ್ಲಿಸುತ್ತಾಳೆ. ಅಲ್ಲಿಗೆ ಟೇಪು ಮುಗಿಯುತ್ತದೆ. ಆಮೇಲೆ ಬೇರೆಯವರಿಗೆ ಎಷ್ಟೋ ಸಲ ತುಂಬಿಕೊಟ್ಟೆ, ನಿಜ. ಆದರೆ ಹೈಸ್ಪೀಡಿನಲ್ಲಿ ತುಂಬಿಸುವಾಗ ದನಿ ಚಿಂವ್ ಚಿಂವ್ ಅನ್ನುತ್ತದೆ ಅಂತ ಸೌಂಡ್ ಪೂರ್ತಿ ಇಳಿಸಿರುತ್ತಿದ್ದೆ. ಕೊನೆಯ ನುಡಿಯನ್ನು ನಾನು ಒಂದು ಸಲವೂ ಕುಳಿತು ಕೇಳಿಲ್ಲ. ಬಂದದ್ದು ಅಣ್ಣನೇ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಇಲ್ಲ, ಅದು ಪಕ್ಕದ ಮನೆಯವಳ ಅಣ್ಣನ ಬಂಡಿ ಅಂತ ನನ್ನ ತಂಗಿ ಹೇಳುತ್ತಾಳೆ. ಇಬ್ಬರೂ ಆಣೆ ಮಾಡುತ್ತಾರೆ.

ಸಂಪಾದಕರೇ, ಒಂದು ಹಾಡಿನವರ ಬಗ್ಗೆ ವಾರಕ್ಕೊಂದು ಸಣ್ಣ ಅಂಕಣ ಶುರು ಮಾಡಿ. ಓದುಗರಿಂದಲೇ ಬರೆಸಿ. ನನ್ನ ನೋಟ್‌ಬುಕ್ ಎರಡನ್ನೂ ಕಳಿಸಿಕೊಡಲು ತಯಾರಿದ್ದೇನೆ.

ಓದುಗರಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಆ ಕಾಲದ ಜಾನಪದ ಕ್ಯಾಸೆಟ್ ಇದ್ದರೆ ತೆಗೆದು ನೋಡಿ. ಬಿಳಿ ಪುಡಿ ಕಂಡರೆ ದಯವಿಟ್ಟು ಹಾಗೇ ಹಾಕಬೇಡಿ, ಮೊದಲು ಒಣಗಿಸಿ. ಬಿ ಸೈಡಿನ ಕೊನೆಯಲ್ಲಿ ಜೋಳ ಬೀಸುತ್ತಾ ಪಂಚಮಿಗೆ ಕಾಯುವ ಹೆಣ್ಣುಮಗಳ ಹಾಡು ಇದ್ದರೆ, ಕೊನೆಯ ನುಡಿ ಕೇಳಿ ಪತ್ರಿಕೆಗೆ ಬರೆಯಿರಿ. ಹಾಡಿದವರು ಯಾವ ಊರಿನವರು ಅಂತ ಯಾರಿಗಾದರೂ ಗೊತ್ತಿದ್ದರೆ ಅದನ್ನೂ ತಿಳಿಸಿ. ಅವರೇ ಈ ಪತ್ರ ಓದುತ್ತಿದ್ದರೆ, ಅಕ್ಕಾರೆ, ನಿಮ್ಮ ಹಾಡು ನನ್ನ ಹತ್ತಿರ ಮೂರು ನಿಮಿಷದಷ್ಟು ಚೆನ್ನಾಗಿದೆ. ಉಳಿದದ್ದು ನೀವೇ ಹೇಳಬೇಕು.

ಇಂತಿ ನಮಸ್ಕಾರಗಳೊಂದಿಗೆ,
ಹಳೆ ಕ್ಯಾಸೆಟ್ ಅಂಗಡಿಯವ,
ನವನಗರ, ಬಾಗಲಕೋಟೆ